ಕಾಲು ಕಿಲೋ

ಮೂವತ್ತೆಂಟು ವರ್ಷ ಸೆತೂಬಲ್ ಪೇಟೆಯ ಮೀನುಕಟ್ಟೆಯಲ್ಲಿ
ತೂಗಿದವಳು ನಾನು, ಜುಲ್ಮೀರಾ.
ಬಂಗುಡೆ, ಭೂತಾಯಿ, ಬೊಂಡಾಸ,
ಕಣ್ಣಲ್ಲೇ ತೂಕ ಹೇಳುತ್ತಿದ್ದೆ,
ತಕ್ಕಡಿ ಆಮೇಲೆ ಹೌದೆನ್ನುತ್ತಿತ್ತು.
ಒಮ್ಮೊಮ್ಮೆ ತಟ್ಟೆಯ ಅಂಚಿಗೆ ಹೆಬ್ಬೆರಳು ತಾಗುತ್ತಿತ್ತು.
ತಾಗಿದ್ದೋ, ತಾಗಿಸಿದ್ದೋ,
ಈಗ ಕೇಳಬೇಡಿ.

ನನ್ನನ್ನು ಮಾತ್ರ ತೂಗಿಕೊಂಡಿರಲಿಲ್ಲ.
ಕಟ್ಟೆಯಲ್ಲಿ ನಾನು ತೂಕದ ಹೆಂಗಸು,
ಹಗುರವಾಗಿ ಮಾತಾಡಿದವನ ಮುಖಕ್ಕೆ
ಐಸು ನೀರು ಎರಚಿದ್ದೂ ಉಂಟು.

ಎಪ್ಪತ್ತನಾಲ್ಕಕ್ಕೆ ಕಾಲು ಕೈಕೊಟ್ಟಿತು.
ಎಡಮಂಡಿಯೊಳಗೆ ಲೋಹ ಇಟ್ಟಾಯಿತು.
ಬಲಕ್ಕೂ ಇಡಬೇಕು, ಆದರೆ ಹದಿನೈದು ಕಿಲೋ ಇಳಿಯದೆ
ಕತ್ತಿ ಮುಟ್ಟುವುದಿಲ್ಲ ಅಂದರು ಡಾಕ್ಟರಮ್ಮ.
ಇಳಿಯಬೇಕಾದರೆ ನಡೆಯಬೇಕು.
ನಡೆಯಬೇಕಾದರೆ ಮಂಡಿ ಬೇಕು.
ಮಂಡಿ ಬೇಕಾದರೆ ಇಳಿಯಬೇಕು.
ನಮ್ಮಲ್ಲೊಂದು ಸಣ್ಣ ಮೀನಿದೆ,
ಬಾಲವನ್ನು ಅದರ ಬಾಯಿಗೇ ಸಿಕ್ಕಿಸಿ ಹುರಿಯುತ್ತೇವೆ.
ಅದು ಏನು ಹೇಳಲು ಬಾಯಿ ತೆರೆದಿತ್ತೆಂದು
ಈಗ ಗೊತ್ತಾಯಿತು.

ಗುರುವಾರ ತೆಲ್ಮೋ ಬರುತ್ತಾನೆ, ಒಂದೇ ಕಿವಿಗೆ ಒಂಟಿ,
ನನ್ನ ಚಪ್ಪಲಿಗಿಂತಲೂ ಚಿಕ್ಕ ವಯಸ್ಸು.
"ಏಳಬೇಡಿ ದೋನಾ ಜುಲ್ಮೀರಾ, ಕುರ್ಚಿ ಸಾಕು."
ಕೂತಲ್ಲೇ ಕಾಲೆತ್ತು. ಐದೆಣಿಸು. ಇಳಿಸು.
ಕೈಗೆ ಭಾರ ಬೇಕಂತೆ. ಅಲಮಾರಿಯಲ್ಲಿದ್ದದ್ದು
ಭೂತಾಯಿ ಡಬ್ಬಿಗಳೇ,
ಬಲಗೈಗೆ ಎಣ್ಣೆಯದು, ಎಡಗೈಗೆ ಟೊಮೆಟೊದ್ದು.
ಮೇಲೆ, ಕೆಳಗೆ, ಮೇಲೆ,
ಸತ್ತ ಮೀನು ನನ್ನ ಕೈಯಲ್ಲಿ ಮತ್ತೆ ಈಜಿತು.
ನಕ್ಕೆ. ಹೊಟ್ಟೆ ಕುಲುಕಿತು.
"ಅದೂ ವ್ಯಾಯಾಮವೇ" ಅಂದ ಪೋರ.

ಪಕ್ಕದ ಮನೆಯ ಲುದೊವೀನಾ ಅನ್ನದ ಪಾಯಸ ತಂದಳು,
ಮೇಲೆ ದಾಲ್ಚಿನ್ನಿ ಪುಡಿಯಲ್ಲಿ ನನ್ನ ಹೆಸರಿನ ಮೊದಲ ಅಕ್ಷರ.
ಅಕ್ಷರವನ್ನಷ್ಟೇ ಚಮಚದಲ್ಲಿ ಕೆರೆದು ತಿಂದೆ.
ಅವತ್ತು ನನಗೆ ನಾನೇ ಸಂತಳು.
ಮಾರನೆಯ ರಾತ್ರಿ ಎರಡಕ್ಕೆ
ಹಾಸಿಗೆಯಲ್ಲೇ ಅರ್ಧ ಬ್ರೆಡ್ಡು ಮುಗಿಸಿದೆ,
ಬೆಳಿಗ್ಗೆ ಚೂರುಗಳನ್ನು ಒಂದೊಂದಾಗಿ ಹೆಕ್ಕಿದೆ, ಸಾಕ್ಷಿ ಉಳಿಯದ ಹಾಗೆ.

ತೆಲ್ಮೋಗೆ ಹೇಗೆ ಹೇಳಲಿ?
ನಮ್ಮ ಮನೆಯಲ್ಲಿ ಒಂದು ಭೂತಾಯಿ ಮೂವರಿಗೆ.
ತಲೆ ಅಣ್ಣನಿಗೆ, ಬಾಲ ಅಕ್ಕನಿಗೆ,
ಕಿರಿಯಳಿಗೆ, ನನಗೆ, ನಡುತುಂಡು.
ಅಮ್ಮ ಎಣ್ಣೆ ಹತ್ತಿದ ಬೆರಳು ನೆಕ್ಕಿ
ನನ್ನ ಹೊಟ್ಟೆ ತುಂಬಿತು ಅನ್ನುತ್ತಿದ್ದಳು.
ಆಮೇಲೆ ನನಗೆ ಮೈ ಬಂತು, ಕೆನ್ನೆ ತುಂಬಿತು.
ಅವಳು ಕೆನ್ನೆ ಚಿವುಟಿ ಚಿವುಟಿ ನೋಡುತ್ತಿದ್ದಳು,
ನಿಜವೋ ಎಂದು.
ಇದರಲ್ಲಿ ಯಾವುದನ್ನು ಇಳಿಸಲಿ ಮೊದಲು?

ಮೂರು ವಾರ ಕಳೆದು
ಚಕ್ರದ ಆಸರೆ ತಳ್ಳಿಕೊಂಡು ಔಷಧಿ ಅಂಗಡಿಗೆ ಹೋದೆ.
ಅಲ್ಲೊಂದು ತಕ್ಕಡಿ, ನಾಣ್ಯ ಹಾಕಿದರೆ ಚೀಟಿ ಕೊಡುತ್ತದೆ.
ಕಳೆದ ಸಲದ ಚೀಟಿ ಜೇಬಿನಲ್ಲಿತ್ತು:
ತೊಂಬತ್ತಾರು ಕಿಲೋ ನಾನೂರು.
ಹತ್ತಿದೆ. ತೊಂಬತ್ತೊಂದು!
ಕೌಂಟರಿನ ಹುಡುಗಿ ತಲೆಯೆತ್ತದೆ ಅಂದಳು,
"ಅಜ್ಜಿ, ಗೋಡೆ ಬಿಡಿ."
ನೋಡಿದರೆ, ಗೋಡೆಯ ಮೇಲೆ ನನ್ನ ಕೈ.
ಆ ಹಳೇ ಹೆಬ್ಬೆರಳು.

ಬಿಟ್ಟೆ.
ಮಂಡಿ ನಡುಗಿತು, ಅಂಕಿಯೂ ನಡುಗಿತು,
ಇಬ್ಬರೂ ಒಂದು ಕಡೆ ನಿಂತೆವು:
ತೊಂಬತ್ತಾರು ನೂರೈವತ್ತು.

ಕಾಲು ಕಿಲೋ.
ಅಂಗೈ ಚಾಚಿ ಅಂದಾಜು ಮಾಡಿದೆ,
ಮಧ್ಯಮ ಗಾತ್ರದ ಭೂತಾಯಿ, ಐದು.
ಅಮ್ಮನ ಲೆಕ್ಕದಲ್ಲಿ ಹದಿನೈದು ಜನರ ಊಟ.
ಮೂರು ವಾರಕ್ಕೆ ಇಷ್ಟೇನಾ ಎಂದು
ತೆಲ್ಮೋ ಕೇಳುವುದಿಲ್ಲ, ಒಳ್ಳೆಯವನು.
ಲುದೊವೀನಾ ಕೇಳುತ್ತಾಳೆ.

ಅಂಗಡಿ ಬಾಗಿಲಿಗೆ ಮೂರು ಮೆಟ್ಟಿಲು.
ಹುಡುಗಿ ಎದ್ದು ಬಂದಳು, ಬೇಡ ಅಂದೆ.
ಎಡಗಾಲು ಮೊದಲು, ಲೋಹದ್ದು.
ಒಂದು.
ಹಿಂದೆ ಯಾರೋ ಅವಸರದಲ್ಲಿ ಕೆಮ್ಮಿದರು. ಕೆಮ್ಮಲಿ.
ಎರಡು.
ಇಳಿಯುತ್ತಿದ್ದೇನೆ.